ಚಂದಾ ಕಟ್ಟಿದ ಮೇಲೂ ಮತ್ತೆ ಹಣ ಕೇಳುವುದೇಕೆ?

ಪ್ರಶ್ನೆ: ಮೊಬೈಲ್ ರೀಚಾರ್ಜ್ ಜೊತೆ ಒಟಿಟಿ ಉಚಿತ ಎಂದರು. ಫೋನಿನಲ್ಲಿ ಧಾರಾವಾಹಿ ಚೆನ್ನಾಗಿಯೇ ಬರುತ್ತದೆ. ಅದೇ ನಂಬರಿನಿಂದ ಮನೆಯ ಟಿವಿಯಲ್ಲಿ ಲಾಗಿನ್ ಆದರೆ ‘ಪ್ಲಾನ್ ಬದಲಿಸಿ’ ಎನ್ನುತ್ತದೆ. ಇನ್ನೊಂದು ಆ್ಯಪ್‌ಗೆ ವರ್ಷದ ಚಂದಾ ಕಟ್ಟಿದ್ದೇನೆ. ಅಲ್ಲಿ ಹೊಸ ಸಿನಿಮಾಕ್ಕೆ ಬೇರೆ ಬಾಡಿಗೆ ಕೊಡಬೇಕಂತೆ. ನಾನು ಮೋಸ ಹೋದೆನೇ?

ಉತ್ತರ: ಮೋಸ ಹೋಗಿಲ್ಲ. ಆದರೆ ನಿಮಗೆ ಮೊದಲೇ ತಿಳಿಸಬೇಕಾದ ಮಾತನ್ನು ಯಾರೂ ಬಿಡಿಸಿ ಹೇಳಿಲ್ಲ. ರೀಚಾರ್ಜ್ ಜೊತೆ ಸಿಗುವುದು ಸಾಮಾನ್ಯವಾಗಿ ‘ಮೊಬೈಲ್ ಪ್ಲಾನ್’. ಅದು ಫೋನಿನಲ್ಲಿ ಮಾತ್ರ ನಡೆಯುತ್ತದೆ. ಕೇಬಲ್‌ನವರಿಗೆ ತಿಂಗಳ ದುಡ್ಡು ಕೊಟ್ಟರೆ ಮನೆಯ ಟಿವಿಗೆ ಚಾನೆಲ್ ಬಂದೇ ಬರುತ್ತದೆ ಎಂಬ ರೂಢಿಯಲ್ಲಿ ಬೆಳೆದವರು ನಾವು. ಇಲ್ಲಿ ಹಾಗಲ್ಲ. ಯಾವ ಪರದೆ, ಒಂದೇ ಹೊತ್ತಿಗೆ ಎಷ್ಟು ಪರದೆ, ಚಿತ್ರ ಎಷ್ಟು ಸ್ಪಷ್ಟ ಎಂಬುದರ ಮೇಲೆ ಬೆಲೆ ಏರುತ್ತದೆ.

ನೆಟ್‌ಫ್ಲಿಕ್ಸ್ 2021ರ ಡಿಸೆಂಬರಿನಲ್ಲಿ ಭಾರತದ ದರ ಇಳಿಸಿದಾಗ ಮಾಡಿದ ವಿಂಗಡಣೆಯನ್ನೇ ನೋಡಿ. ತಿಂಗಳಿಗೆ 149 ರೂಪಾಯಿಗೆ ಫೋನ್ ಅಥವಾ ಟ್ಯಾಬ್ಲೆಟ್ ಮಾತ್ರ, ಅದೂ 480ಪಿ (ಇದು ಚಿತ್ರದ ಸ್ಪಷ್ಟತೆಯ ಅಳತೆ, ಅಂಕಿ ಹೆಚ್ಚಿದಷ್ಟೂ ಚಿತ್ರ ಸ್ಪಷ್ಟ). ಟಿವಿ ಬೇಕೆಂದರೆ 199 ರೂಪಾಯಿ. ಪರದೆ ಒಂದೇ, ಚಿತ್ರ ಮೊದಲು 480ಪಿ ಇತ್ತು, ಆಮೇಲೆ 720ಪಿ ಆಯಿತು. ಪೂರ್ಣ ಎಚ್‌ಡಿ ಮತ್ತು ಎರಡು ಪರದೆಗೆ 499, ಅದಕ್ಕಿಂತಲೂ ಸ್ಪಷ್ಟವಾದ 4ಕೆ ಮತ್ತು ನಾಲ್ಕು ಪರದೆಗೆ 649. ಅಂದರೆ ಸಾಲ ಮಾಡಿ ತಂದ 4ಕೆ ಟಿವಿಯಲ್ಲೂ 199ರ ಪ್ಲಾನ್ 720ಪಿ ಚಿತ್ರವನ್ನೇ ತೋರಿಸುತ್ತದೆ. ಮಸುಕಾಗಿ ಕಂಡರೆ ಟಿವಿಯನ್ನು ರಿಪೇರಿಗೆ ಒಯ್ಯುವ ಮೊದಲು ಪ್ಲಾನ್ ನೋಡಿ.

ಡೇಟಾ ಲೆಕ್ಕವೂ ಇದಕ್ಕೆ ಅಂಟಿಕೊಂಡೇ ಬರುತ್ತದೆ. ಎಚ್‌ಡಿ ಚಿತ್ರಕ್ಕೆ ಗಂಟೆಗೆ 3 ಜಿಬಿವರೆಗೆ ಖರ್ಚಾಗಬಹುದು ಎಂದು ನೆಟ್‌ಫ್ಲಿಕ್ಸ್ ತಾನೇ ಹೇಳುತ್ತದೆ. ದಿನಕ್ಕೆ 2 ಜಿಬಿ ಪ್ಯಾಕಿನ ಹಾಟ್‌ಸ್ಪಾಟ್‌ನಿಂದ ಟಿವಿ ನೋಡುವವರಿಗೆ ನಲವತ್ತೇ ನಿಮಿಷದಲ್ಲಿ ಅದು ಮುಗಿದುಹೋದರೆ ಆಶ್ಚರ್ಯವಿಲ್ಲ.

ಇನ್ನು ಬಾಡಿಗೆಯ ವಿಷಯ. ಪ್ರೈಮ್ ವಿಡಿಯೋ ಒಂದೇ ಅಂಗಡಿಯಲ್ಲಿ ಎರಡು ಬಗೆಯ ಸರಕು ಇಟ್ಟಿದೆ. ನೀಲಿ ಟಿಕ್ ಗುರುತಿರುವ ಸಿನಿಮಾ ಚಂದಾದಲ್ಲಿ ಸೇರಿದ್ದು. ಹಳದಿ ಕೈಚೀಲದ ಗುರುತಿರುವುದಕ್ಕೆ ಬೇರೆ ದುಡ್ಡು. ಬಾಡಿಗೆ ಕೊಟ್ಟ ಸಿನಿಮಾವನ್ನು ಸಾಮಾನ್ಯವಾಗಿ 30 ದಿನದೊಳಗೆ ಶುರು ಮಾಡಬೇಕು, ಶುರು ಮಾಡಿದ 48 ಗಂಟೆಯೊಳಗೆ ಮುಗಿಸಬೇಕು. ರಾತ್ರಿ ಹತ್ತು ನಿಮಿಷ ನೋಡಿ, ಉಳಿದದ್ದು ಮುಂದಿನ ಭಾನುವಾರಕ್ಕೆ ಎಂದು ಮಲಗಿದರೆ ಹಣ ಹೋಯಿತು. 2025ರ ಜೂನ್‌ನಿಂದ ಅಲ್ಲಿ ಜಾಹೀರಾತೂ ಬರುತ್ತದೆ. ಅದು ಬೇಡವೆಂದರೆ ಅದಕ್ಕೂ ಹೆಚ್ಚುವರಿ ಶುಲ್ಕವಿದೆ.

ನೋಡುತ್ತಿದ್ದ ಕಾರ್ಯಕ್ರಮವೇ ಜಾಗ ಬದಲಿಸುವುದೂ ಉಂಟು. ಕಲರ್ಸ್ ಕನ್ನಡದ ಧಾರಾವಾಹಿಗಳು ಮೊದಲು ವೂಟ್‌ನಲ್ಲಿದ್ದವು. 2023ರಲ್ಲಿ ವೂಟ್ ಜಿಯೋಸಿನಿಮಾದೊಳಗೆ ಸೇರಿತು, 2025ರ ಫೆಬ್ರವರಿಯಲ್ಲಿ ಅದು ಜಿಯೋಹಾಟ್‌ಸ್ಟಾರ್ ಆಯಿತು. ಸಿನಿಮಾಗಳ ಹಕ್ಕಂತೂ ಗೊತ್ತಾದ ಅವಧಿಗಷ್ಟೇ ಇರುತ್ತದೆ. ಹಾಗಾಗಿ ಒಂದೇ ಸಿನಿಮಾಕ್ಕಾಗಿ ವರ್ಷದ ಚಂದಾ ಕಟ್ಟಬೇಡಿ ಎನ್ನುತ್ತೇನೆ. ತಿಂಗಳ ಪ್ಲಾನ್ ಇದ್ದರೆ ಅದೇ ಸಾಕು.

ನೀವು ಕೇಳದಿದ್ದರೂ ಹೇಳಲೇಬೇಕಾದ ಮಾತು ಆಟೊಪೇ, ಅಂದರೆ ಒಮ್ಮೆ ಅನುಮತಿ ಕೊಟ್ಟರೆ ಖಾತೆಯಿಂದ ಪ್ರತಿ ಸಲ ತಾನಾಗಿಯೇ ಹಣ ಕಡಿತವಾಗುವ ವ್ಯವಸ್ಥೆ. ನಮ್ಮ ತಂದೆಯವರು ಕ್ರಿಕೆಟ್ ಸರಣಿಗೆಂದು ಒಂದು ಆ್ಯಪ್‌ಗೆ ಚಂದಾ ಕಟ್ಟಿದ್ದರು. ಸರಣಿ ಮುಗಿದ ಮೇಲೆ ಆ್ಯಪ್ ಅಳಿಸಿ, ಅಲ್ಲಿಗೆ ಮುಗಿಯಿತು ಎಂದುಕೊಂಡರು. ಪಿಂಚಣಿ ಖಾತೆಯಿಂದ ಮೂರು ತಿಂಗಳು ಹಣ ಕಡಿತವಾಯಿತು. ಪಾಸ್‌ಬುಕ್ ಮೇಲೆ ಬೆರಳಿಟ್ಟು ಒಂದೊಂದೇ ಸಾಲು ಓದುತ್ತಾ ‘ಇದು ಯಾರಿಗೆ ಹೋಯಿತಪ್ಪಾ?’ ಎಂದು ಕೇಳಿದಾಗಲೇ ನನಗೆ ತಿಳಿದದ್ದು. ಆ್ಯಪ್ ಅಳಿಸಿದರೆ ಚಂದಾ ರದ್ದಾಗುವುದಿಲ್ಲ. ರಿಸರ್ವ್ ಬ್ಯಾಂಕ್ ನಿಯಮದಂತೆ ಹಣ ಕಡಿತವಾಗುವ 24 ಗಂಟೆ ಮೊದಲು ಸಂದೇಶ ಬರಬೇಕು. ಅವರಿಗೂ ಬಂದಿತ್ತು, ಇಂಗ್ಲಿಷಿನಲ್ಲಿ, ಜಾಹೀರಾತೆಂದು ಬಿಟ್ಟಿದ್ದರು. ಮನೆಯ ಹಿರಿಯರ ಫೋನ್ ಕೈಗೆ ಸಿಕ್ಕಾಗ ಯುಪಿಐ ಆ್ಯಪ್ ತೆರೆದು ‘ಆಟೊಪೇ’ ವಿಭಾಗವನ್ನು ಒಮ್ಮೆ ನೋಡಿ. ಅನುಮತಿಯನ್ನು ಅಲ್ಲಿಂದಲೇ ರದ್ದು ಮಾಡಬಹುದು. ನೆಟ್‌ಫ್ಲಿಕ್ಸ್‌ನಂಥ ಕಡೆ ರದ್ದು ಮಾಡಿದರೂ ಕಟ್ಟಿದ ಅವಧಿ ಮುಗಿಯುವವರೆಗೆ ನೋಡಬಹುದು. ಆದ್ದರಿಂದ ಕೊನೆಯ ದಿನದವರೆಗೆ ಕಾಯಬೇಕಿಲ್ಲ.

ಚಂದಾ ರದ್ದು ಮಾಡುವ ದಾರಿಯನ್ನು ಬೇಕೆಂದೇ ಜಟಿಲಗೊಳಿಸುವುದನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2023ರ ಮಾರ್ಗಸೂಚಿ ನಿಷೇಧಿಸಿದೆ. ನಿಮಗೆ ಅಂಥ ಅನುಭವವಾದರೆ ಪರದೆಯ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.