ಅಬ್ಬಾ ಎಬಾನ್ ಇಸ್ರೇಲಿನ ಪ್ರಧಾನಿಯಾಗಲಿಲ್ಲವೇಕೆ?

ಇಸ್ರೇಲಿನ ರಾಜತಾಂತ್ರಿಕರಲ್ಲಿ ಅಬ್ಬಾ ಎಬಾನ್ ಅವರಷ್ಟು ಜಗತ್ತಿನ ಗಮನ ಸೆಳೆದವರು ವಿರಳ. ಅಂಥವರಿಗೆ ಸ್ವದೇಶದ ಅತ್ಯುನ್ನತ ಅಧಿಕಾರ ಏಕೆ ದಕ್ಕಲಿಲ್ಲ ಎಂಬುದು ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ. ಅವರನ್ನು ಹೊರಗೆ ಎತ್ತರಕ್ಕೇರಿಸಿದ ಗುಣಗಳಾವುವೂ ಒಳಗಿನ ರಾಜಕಾರಣದಲ್ಲಿ ಬಲವಾಗಿ ಒದಗಲಿಲ್ಲ ಎಂಬುದೇ ನನ್ನ ಉತ್ತರ.

ಎಬಾನ್ 1915ರಲ್ಲಿ ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ ಹುಟ್ಟಿ, ಇಂಗ್ಲೆಂಡಿನಲ್ಲಿ ಬೆಳೆದು, ಕೇಂಬ್ರಿಜ್‌ನಲ್ಲಿ ಪ್ರಾಚೀನ ಭಾಷೆಗಳ ಜೊತೆಗೆ ಹೀಬ್ರೂ, ಅರಬ್ಬಿ, ಪರ್ಷಿಯನ್ನುಗಳನ್ನೂ ಅಭ್ಯಾಸ ಮಾಡಿದವರು. ಈಜಿಪ್ಟಿನ ಲೇಖಕ ತೌಫೀಕ್ ಅಲ್ ಹಕೀಮ್ ಅವರ ಕಾದಂಬರಿಯೊಂದನ್ನು ಅವರು ಅರಬ್ಬಿಯಿಂದ ಇಂಗ್ಲಿಷಿಗೆ ಅನುವಾದಿಸಿದ್ದರು. ನೆರೆಯ ಅರಬ್ಬರ ಸಾಹಿತ್ಯವನ್ನು ಇಷ್ಟು ಹತ್ತಿರದಿಂದ ಬಲ್ಲ ವಿದೇಶಾಂಗ ಸಚಿವರು ಇಸ್ರೇಲಿಗೆ ಹೆಚ್ಚು ಮಂದಿ ಸಿಕ್ಕಿಲ್ಲ.

1947ರಲ್ಲಿ ಪ್ಯಾಲೆಸ್ಟೈನ್ ಕುರಿತ ವಿಶ್ವಸಂಸ್ಥೆಯ ಸಮಿತಿಯೊಡನೆ ಪ್ಯಾಲೆಸ್ಟೈನಿನ ಯಹೂದಿಗಳನ್ನು ಪ್ರತಿನಿಧಿಸುತ್ತಿದ್ದ ಯಹೂದಿ ಏಜೆನ್ಸಿಯ ಪರವಾಗಿ ವ್ಯವಹರಿಸಿದ ಈ ತರುಣ, ಮರುವರ್ಷ ಹೊಸ ದೇಶದ ಪ್ರತಿನಿಧಿಯಾಗಿ ವಿಶ್ವಸಂಸ್ಥೆಯಲ್ಲಿ ನಿಂತರು. 1949ರ ಮೇ 11ರಂದು ಇಸ್ರೇಲಿಗೆ ಸದಸ್ಯತ್ವ ದೊರೆತಾಗ ಪರವಾಗಿ 37, ವಿರುದ್ಧವಾಗಿ 12 ಮತಗಳು ಬಿದ್ದಿದ್ದವು. ವಿರೋಧಿಸಿದವರಲ್ಲಿ ಭಾರತವೂ ಇತ್ತೆಂಬುದನ್ನು ನಾವು ನೆನೆಯಬೇಕು. 1950ರಿಂದ ಅವರು ಅಮೆರಿಕದಲ್ಲಿ ಇಸ್ರೇಲಿನ ರಾಯಭಾರಿಯೂ ಆದರು. 1959ರವರೆಗೆ ಎರಡೂ ಹೊಣೆಗಳನ್ನು ಒಟ್ಟಿಗೆ ಹೊತ್ತರು.

ಆ ದಶಕದಲ್ಲೇ ತೊಡಕೂ ಬೆಳೆಯಿತು. ಇಸ್ರೇಲಿನ ಸಮಾಜ ರೂಪುಗೊಂಡದ್ದು ಕಿಬ್ಬುತ್ಸ್‌ಗಳೆಂಬ ಸಾಮೂಹಿಕ ಕೃಷಿ ವಸಾಹತುಗಳಲ್ಲಿ, ಸೈನ್ಯದಲ್ಲಿ, ಕಾರ್ಮಿಕ ಸಂಘಟನೆಗಳಲ್ಲಿ. ನಾಯಕತ್ವಕ್ಕೆ ಬೇಕಾದ ಬೆಂಬಲಿಗರ ಬಳಗ ಕಟ್ಟಿಕೊಳ್ಳುವುದೂ ಅಲ್ಲಿಯೇ. ಎಬಾನ್ ಆ ವರ್ಷಗಳನ್ನು ನ್ಯೂಯಾರ್ಕ್ ಮತ್ತು ವಾಷಿಂಗ್ಟನ್‌ನಲ್ಲಿ ಕಳೆದರು. 1959ರಲ್ಲಿ ಆಳುವ ಕಾರ್ಮಿಕ ಪಕ್ಷವಾದ ಮಪಾಯ್‌ನಿಂದ ಸಂಸತ್ತಾದ ಕ್ನೆಸೆಟ್‌ಗೆ ಬಂದು, ಶಿಕ್ಷಣ ಸಚಿವರಾಗಿ, ಉಪಪ್ರಧಾನಿಯಾಗಿ ದುಡಿದರೂ ಪಕ್ಷದೊಳಗೆ ತಮ್ಮದೇ ಬಣ ಅವರಿಗಿರಲಿಲ್ಲ.

1967ರ ಮೇ ತಿಂಗಳು ಇದಕ್ಕೆ ಕನ್ನಡಿ ಹಿಡಿಯಿತು. ಇಸ್ರೇಲಿಗೆ ಕೆಂಪು ಸಮುದ್ರದ ದಾರಿಯಾದ ತಿರಾನ್ ಜಲಸಂಧಿಯನ್ನು ಈಜಿಪ್ಟ್ ಮುಚ್ಚಿದಾಗ ವಿದೇಶಾಂಗ ಸಚಿವ ಎಬಾನ್ ಪ್ಯಾರಿಸ್, ಲಂಡನ್, ವಾಷಿಂಗ್ಟನ್‌ಗಳಿಗೆ ಧಾವಿಸಿ ದ ಗಾಲ್, ವಿಲ್ಸನ್, ಜಾನ್ಸನ್ ಅವರನ್ನು ಕಂಡರು. ಯುದ್ಧಕ್ಕೆ ಮೊದಲು ರಾಜತಾಂತ್ರಿಕ ಮಾರ್ಗಗಳನ್ನೆಲ್ಲ ಪರೀಕ್ಷಿಸಿ ನೋಡಿದ್ದು ಸರಿಯಾದ ಹೆಜ್ಜೆಯೆಂದೇ ನಾನು ನಂಬಿದ್ದೇನೆ. ಆದರೆ ಜೂನ್‌ನ ಆರು ದಿನಗಳ ಯುದ್ಧದ ಗೆಲುವಿನ ನಂತರ ಜನಮನದಲ್ಲಿ ನೆಲೆಸಿದವರು ರಕ್ಷಣಾ ಸಚಿವ ಮೊಶೆ ದಯಾನ್ ಮತ್ತು ಸೇನಾ ಮುಖ್ಯಸ್ಥ ಯಿಟ್ಜಾಕ್ ರಾಬಿನ್. ಶಾಂತಿಗೆ ಬದಲಾಗಿ ಆಕ್ರಮಿತ ಭೂಮಿಯ ಬಹುಭಾಗವನ್ನು ಬಿಟ್ಟುಕೊಡಲು ಸಿದ್ಧರಿರಬೇಕೆಂಬ ಎಬಾನ್ ಅವರ ನಿಲುವಿಗೆ ಸಂಪುಟದಲ್ಲಿ ಸಾಕಷ್ಟು ಬಲ ಸಿಗಲಿಲ್ಲ. ಭಿನ್ನಾಭಿಪ್ರಾಯವಿದ್ದರೂ ಅವರು ರಾಜೀನಾಮೆ ಕೊಟ್ಟು ಹೊರನಡೆಯಲಿಲ್ಲ. ಇದು ಅವರ ವೃತ್ತಿಜೀವನದ ನಿಜವಾದ ಕೊರತೆ.

1973ರ ಯುದ್ಧದ ಬಳಿಕ ಪ್ರಧಾನಿ ಗೋಲ್ಡಾ ಮೇಯರ್ ನಿರ್ಗಮಿಸಿ, 1974ರಲ್ಲಿ ರಾಬಿನ್ ಪ್ರಧಾನಿಯಾದರು. ರಾಬಿನ್ ವಾಷಿಂಗ್ಟನ್‌ನಲ್ಲಿ ರಾಯಭಾರಿಯಾಗಿದ್ದಾಗಲೇ ಎಬಾನ್ ಅವರೊಡನೆ ಅವರ ಸಂಬಂಧ ಹಳಸಿತ್ತು. ವಿದೇಶಾಂಗ ಖಾತೆ ಯಿಗಾಲ್ ಅಲ್ಲೋನ್ ಅವರಿಗೆ ಹೋಯಿತು, ಎಬಾನ್ ಮತ್ತೆಂದೂ ಸಚಿವರಾಗಲಿಲ್ಲ. 1988ರಲ್ಲಿ ಪಕ್ಷದ ಅಭ್ಯರ್ಥಿಗಳ ಪಟ್ಟಿಯಿಂದಲೂ ಅವರು ಹೊರಗುಳಿದರು. ಇಸ್ರೇಲ್ ಪ್ರಶಸ್ತಿ ಅವರಿಗೆ ಸಂದದ್ದು 2001ರಲ್ಲಿ, ನಿಧನಕ್ಕೆ ಒಂದು ವರ್ಷ ಮೊದಲು.