ಮಾತ್ರೆ ಸಂಚಿಯಲ್ಲಿರಲಿ, ಬ್ಯಾಗಲ್ಲಿ ಬೇಡ

ಧರಣಿಗೆ ಹೊರಟವರು ನನ್ನನ್ನು ಮೊದಲು ಕೇಳುವುದು ಲಾಠಿ ಏಟಿನ ಬಗ್ಗೆ. ‘ಡಾಕ್ಟ್ರೇ, ತಲೆಗೆ ಬಿದ್ರೆ ಏನ್ ಮಾಡೋದು?’ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಸಂಘಟನೆಗಳು ಹಾಕುವ ಔಷಧಿ ಟೇಬಲ್ಲಿನ ಹಿಂದೆ ಕೆಲವು ವರ್ಷಗಳಿಂದ ಕೂರುತ್ತಿದ್ದೇನೆ. ಅಲ್ಲಿ ನಾನು ನೋಡಿದ ಲಾಠಿ ಏಟುಗಳು ಬೆರಳೆಣಿಕೆಯಷ್ಟು. ಉಳಿದವರೆಲ್ಲ ತಲೆ ಸುತ್ತಿ ಬಿದ್ದವರು, ಶುಗರ್ ಇಳಿದವರು, ಬಿಪಿ ಮಾತ್ರೆ ಊರಲ್ಲೇ ಬಿಟ್ಟು ಬಂದವರು.

ಅಂಗನವಾಡಿ, ಆಶಾ, ಬಿಸಿಯೂಟದ ಹೆಣ್ಣುಮಕ್ಕಳು ರಾಯಚೂರು, ಕಲಬುರಗಿ ಕಡೆಯಿಂದ ರಾತ್ರಿ ರೈಲು ಹತ್ತುತ್ತಾರೆ. ಸರಿಯಾಗಿ ನಿದ್ದೆ ಇರಲ್ಲ. ಬೆಳಿಗ್ಗೆ ಇಳಿದವರೇ ಘೋಷಣೆ ಕೂಗುತ್ತಾ ನಡೆಯುತ್ತಾರೆ, ಆಮೇಲೆ ಸಂಜೆವರೆಗೂ ಬಿಸಿಲಲ್ಲಿ ಕೂರುತ್ತಾರೆ. ನೀರು ಮಾತ್ರ ಕುಡಿಯುವುದಿಲ್ಲ. ‘ಕುಡದ್ರ ಹೋಗಬೇಕಾಗ್ತದ್ರಿ ಸರ, ಎಲ್ಲಿಗೆ ಹೋಗೂಣು?’ ಅಂತ ಒಬ್ಬ ತಾಯಿ ನನ್ನನ್ನೇ ಕೇಳಿದ್ದರು. ಇದಕ್ಕೆ ನನ್ನ ಹತ್ತಿರ ಮಾತ್ರೆ ಇಲ್ಲ. ಹಿಂದಿನ ದಿನ ಪೆಂಡಾಲು, ಮೈಕು ನೋಡಲು ಹೋಗುವ ಮುಖಂಡರು ಶೌಚಾಲಯಕ್ಕೂ ಒಂದು ಸಲ ಇಣುಕಿ ಬರಲಿ. 2021ರ ಆದೇಶದ ಪ್ರಕಾರ ಬೆಂಗಳೂರಲ್ಲಿ ಪ್ರತಿಭಟನೆಗೆ ಇರುವ ಜಾಗ ಫ್ರೀಡಂ ಪಾರ್ಕ್ ಒಂದೇ. ಹುಡುಕುವ ಕಷ್ಟವಂತೂ ಇಲ್ಲ, ಅಲ್ವಾ?

ಬಾಯಾರಿಕೆ ಆಗುವವರೆಗೆ ಕಾಯಬೇಡಿ. ಆಗಾಗ ಎರಡು ಗುಟುಕು ಕುಡಿಯಿರಿ. ದೊಡ್ಡ ಓಆರ್‌ಎಸ್ ಪೊಟ್ಟಣ ಒಂದಕ್ಕೆ ಒಂದು ಲೀಟರ್ ನೀರು. ಜಾಸ್ತಿ ಶಕ್ತಿ ಬರಲಿ ಅಂತ ಅರ್ಧ ಲೀಟರಿಗೇ ಹಾಕುವವರಿದ್ದಾರೆ, ಅದು ತಪ್ಪು. ಬಿಪಿಗೆ ‘ನೀರಿನ ಮಾತ್ರೆ’ ತಗೊಳ್ಳುವವರು, ಅಂದರೆ ಮೂತ್ರ ಜಾಸ್ತಿ ಹೋಗುವಂಥದ್ದು, ಅದನ್ನು ಆ ದಿನ ಹೇಗೆ ತಗೋಬೇಕು ಅಂತ ತಮ್ಮ ವೈದ್ಯರನ್ನು ಮೊದಲೇ ಕೇಳಿಕೊಳ್ಳಲಿ. ಓಆರ್‌ಎಸ್‌ನಲ್ಲಿ ಉಪ್ಪೂ ಇದೆ, ಸಕ್ಕರೆಯೂ ಇದೆ. ಬಿಪಿ, ಶುಗರ್ ಇರುವವರು ಸುಮ್ನೆ ಜ್ಯೂಸಿನ ಹಾಗೆ ಕುಡಿಯುವುದು ಬೇಡ.

ಇನ್ಸುಲಿನ್ ತಗೊಂಡು ಊಟ ಬಿಟ್ಟವರಿಗೆ ಶುಗರ್ ಇಳಿದು ಮೊದಲು ಕೈ ನಡುಗುತ್ತದೆ, ಬೆವರು ಕಿತ್ತು ಬರುತ್ತದೆ. ಎಚ್ಚರ ಇದ್ದರೆ ತಕ್ಷಣ ಮೂರು ಚಮಚ ಸಕ್ಕರೆ ಕೊಡಿ. ಬಿಸಿಲಲ್ಲಿ ಕೂತವರು ಅಸಂಬದ್ಧ ಮಾತಾಡತೊಡಗಿದರೆ, ಮೈ ಕೆಂಡದಂತೆ ಸುಡುತ್ತಿದ್ದರೆ, ಅದು ಬರೀ ಸುಸ್ತಲ್ಲ. ನೆರಳಿಗೆ ಒಯ್ದು ಮೈಮೇಲೆ ನೀರು ಸುರಿಯಿರಿ, ಗಾಳಿ ಹಾಕಿ, 108ಕ್ಕೆ ಫೋನ್ ಮಾಡಿ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬೇಡಿ. ಸುತ್ತ ನಿಂತು ಗಾಳಿ ತಡೆಯುವ ಐವತ್ತು ಜನರನ್ನು ಚದುರಿಸುವುದೂ ಚಿಕಿತ್ಸೆಯೇ!

ಇದು ಬೇಸಿಗೆಯ ಮಾತಾಯಿತು. 2025ರ ಜನವರಿಯಲ್ಲಿ ಆಶಾ ಕಾರ್ಯಕರ್ತೆಯರು ಫ್ರೀಡಂ ಪಾರ್ಕಿನಲ್ಲಿ ಅಹೋರಾತ್ರಿ ಕೂತದ್ದು ಚಳಿಯಲ್ಲಿ. ಡಿಸೆಂಬರಲ್ಲಿ ಬೆಳಗಾವಿ ಅಧಿವೇಶನಕ್ಕೆ ಹೋಗುವವರಿಗೂ ಇದೇ ಕಥೆ. ಕಂಬಳಿ, ಉಸಿರಾಟದ ಪಂಪ್ ಮರೆಯಬೇಡಿ.

ಇನ್ನು ಪೊಲೀಸರ ವಿಷಯ. ವಶಕ್ಕೆ ತಗೊಂಡಾಗ ಬಸ್ಸಿಗೆ ಹತ್ತಿಸುತ್ತಾರೆ, ಹೆಚ್ಚಿನ ಸಲ ಸಂಜೆ ಬಿಡುತ್ತಾರೆ. ನೀವು ಬಸ್ಸಿನಲ್ಲಿ, ಬ್ಯಾಗು ಪೆಂಡಾಲಲ್ಲಿ. ಮಧ್ಯಾಹ್ನದ ಮಾತ್ರೆ, ಇನ್ಸುಲಿನ್ ಎಲ್ಲ ಆ ಬ್ಯಾಗಲ್ಲೇ. ಅದಕ್ಕೇ ಎರಡು ದಿನದ ಮಾತ್ರೆಯನ್ನು ಸ್ಟ್ರಿಪ್ ಸಮೇತ ಸೊಂಟದ ಸಂಚಿಯಲ್ಲಿ ಇಟ್ಟುಕೊಳ್ಳಿ. ಜತೆಗೆ ಡಾಕ್ಟರ ಚೀಟಿಯ ಜೆರಾಕ್ಸ್ ಇರಲಿ. ಮನೆಯವರ ಮತ್ತು ವಕೀಲರ ನಂಬರನ್ನು ಬಾಲ್‌ಪೆನ್ನಿನಲ್ಲಿ ತೋಳಿನ ಮೇಲೆ ಬರೆದುಕೊಳ್ಳಿ, ಫೋನ್ ಚಾರ್ಜ್ ಅಷ್ಟು ಹೊತ್ತು ನಿಲ್ಲಲ್ಲ. ಬಂಧಿಸಿದರೆ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕು, ಪ್ರಯಾಣದ ಸಮಯ ಬಿಟ್ಟು. ಮನೆಯವರಿಗೆ ತಿಳಿಸಬೇಕು. ಉಚಿತ ಕಾನೂನು ನೆರವಿಗೆ 15100 ಇದೆ.

ಬಂಧಿತರಿಗೆ ವೈದ್ಯಕೀಯ ತಪಾಸಣೆ ಮಾಡಿಸಬೇಕು ಅಂತಲೂ ಕಾನೂನಿದೆ. ಈ ಕೆಲಸ ನಮ್ಮ ವೈದ್ಯರದ್ದು. ಎಷ್ಟೋ ಜನ ‘ಏನಿಲ್ಲ ಬಿಡಿ ಸಾರ್, ಸಣ್ಣ ಪೆಟ್ಟು’ ಅಂತ ಸೆರಗು ಎಳೆದುಕೊಂಡು ಎದ್ದು ಹೋಗುತ್ತಾರೆ. ಹಾಗೆ ಮಾಡಬೇಡಿ. ಎಲ್ಲಿ, ಎಷ್ಟು ಹೊತ್ತಿಗೆ, ಯಾವುದರಿಂದ ಬಿತ್ತು ಅಂತ ಹೇಳಿ ಎಲ್ಲ ಗಾಯವನ್ನೂ ಬರೆಸಿ, ವರದಿಯ ಪ್ರತಿ ಕೇಳಿ. ವಶಕ್ಕೆ ಹೋಗದೆ ಪೆಟ್ಟು ತಿಂದವರು ಅದೇ ದಿನ ಸರ್ಕಾರಿ ಆಸ್ಪತ್ರೆಯಲ್ಲಿ ಎಂಎಲ್‌ಸಿ, ಅಂದರೆ ಕಾನೂನಿಗೆ ಬೇಕಾಗುವ ಗಾಯದ ದಾಖಲೆ, ಮಾಡಿಸಿ. ಬಾಸುಂಡೆಯ ಬಣ್ಣ ದಿನ ಕಳೆದಂತೆ ಬದಲಾಗುತ್ತದೆ. ವಾರ ಬಿಟ್ಟು ಬಂದು ತೋರಿಸಿದರೆ ನಾನು ಬರೆಯಬಹುದಾದದ್ದು ‘ಹಳೆಯ ಗಾಯ’ ಅಂತ ಅಷ್ಟೇ.