ಸೊಂಟ ನೋವು ಹಿಂದೆ, ಬಿಗಿ ಮುಂದೆ

ಕ್ಲಿನಿಕ್‌ಗೆ ಬಂದು "ಸೊಂಟ ಹಿಡ್ಕೊಂಡಿದೆ ಮೇಡಂ" ಅನ್ನೋರಿಗೆ ಮೊದ್ಲು ಎಲ್ಲಿ ಅಂತ ಕೈಯಿಟ್ಟು ತೋರ್ಸಿ ಅಂತೀನಿ, ಮುಕ್ಕಾಲು ಪಾಲು ಜನ ಬೆನ್ನಿನ ಕೆಳಗೆ ಬೆಲ್ಟ್ ಬರೋ ಜಾಗ ತೋರಿಸ್ತಾರೆ. ಹಿಪ್ ಜಾಯಿಂಟ್ ಇರೋದು ಅಲ್ಲಲ್ಲ, ಮುಂದುಗಡೆ ತೊಡೆಸಂದಿನಲ್ಲಿ, ಕೂತಾಗ ಪ್ಯಾಂಟ್ ಮಡಚಿಕೊಳ್ಳೋ ಗೆರೆ ಇದೆಯಲ್ಲ ಅದರ ಒಳಗೆ.

ಕಳೆದ ವಾರ ಬಂದ ಹುಡುಗಿ, ಸಾಫ್ಟ್‌ವೇರ್ ಕೆಲ್ಸ, ಕುರ್ಚಿಯಿಂದ ಎದ್ದು ಮೊದಲ ನಾಲ್ಕು ಹೆಜ್ಜೆ ತೊಡೆ ಮೇಲೆ ಕೈ ಊರ್ಕೊಂಡು ಬಗ್ಗಿಕೊಂಡೇ ನಡೆದ್ಲು. ಟೇಬಲ್ ಮೇಲೆ ಮಲಗ್ಸಿ ಒಂದು ಮಂಡಿನ ಎದೆಗೆ ಅಪ್ಕೊಳ್ಳಮ್ಮ ಅಂದೆ. ಇನ್ನೊಂದು ತೊಡೆ ಆಗ ಟೇಬಲ್‌ಗೆ ತಾಗಿರ್ಬೇಕು, ಇವಳದ್ದು ತಾಗ್ಲೇ ಇಲ್ಲ, ನನ್ನ ಕೈ ಪೂರ್ತಿ ಸಂದಿನಲ್ಲಿ ತೂರಿತು. ಥಾಮಸ್ ಟೆಸ್ಟ್ ಅಂತೀವಿ ಇದಕ್ಕೆ. ಸೋಯಾಸ್ ಅಂತ ಒಂದು ಮಾಂಸಖಂಡ ಸೊಂಟದ ಬೆನ್ನುಮೂಳೆಗಳಿಂದ ಹೊರಟು ತೊಡೆಮೂಳೆಗೆ ಬಂದು ಸೇರುತ್ತೆ, ದಿನವಿಡೀ ಕೂತ್ರೆ ಅದು ಮಡಚಿಕೊಂಡೇ ಇರುತ್ತೆ, ಎದ್ದಾಗ ಸಲೀಸಾಗಿ ಉದ್ದ ಆಗದೆ ಬೆನ್ನನ್ನೇ ಮುಂದಕ್ಕೆ ಜಗ್ಗುತ್ತೆ, ನೋವು ಹಿಂದೆ ಬರೋದು ಎಷ್ಟೋ ಸಲ ಹೀಗೆ. ಇನ್ನೊಂದು, ಕೀಲಿನೊಳಗೆ ಮೂಳೆ ತುದಿಗಳನ್ನ ಹೊದ್ದಿರೋ ನುಣುಪಾದ ಮೃದ್ವಸ್ಥಿಗೆ (ಕಾರ್ಟಿಲೇಜ್) ರಕ್ತನಾಳಗಳೇ ಇಲ್ಲ, ಕೀಲು ಆಡಿದಾಗ ಒಳಗಿನ ದ್ರವದಿಂದಲೇ ಅದಕ್ಕೆ ಪೋಷಣೆ.

ಅದಕ್ಕೇ ವಾರವಿಡೀ ಕೂತು ಭಾನುವಾರ ಒಂದು ಗಂಟೆ ಯೋಗ ಮಾಡ್ತೀನಿ ಅನ್ನೋರಿಗೆ ನಾನು ಯೋಗ ಬಿಡಬೇಡಿ, ಆದ್ರೆ ಮುಕ್ಕಾಲು ಗಂಟೆಗೊಮ್ಮೆ ಎರಡು ನಿಮಿಷ ಎದ್ದೇಳಿ ಅಂತ ಪಟ್ಟು ಹಿಡಿದು ಹೇಳ್ತೀನಿ.

ಎದ್ದ ತಕ್ಷಣ ಸ್ಟ್ರೆಚ್ ಮಾಡೋಕೆ ಹೋಗ್ಬೇಡಿ. ಕುರ್ಚಿ ಬೆನ್ನು ಹಿಡ್ಕೊಂಡು ಒಂದು ಕಾಲನ್ನ ಗಡಿಯಾರದ ಲೋಲಕದ ಥರ ಹಿಂದೆ ಮುಂದೆ ಹತ್ತು ಸಲ ಸುಮ್ನೆ ತೂಗಿ, ಆಮೇಲೆ ಇನ್ನೊಂದು. (ಚಕ್ರದ ಕುರ್ಚಿ ಆದ್ರೆ ಬೇಡ, ಟೇಬಲ್ ಹಿಡ್ಕೊಳ್ಳಿ.) ಆಮೇಲೆ ಒಂದು ಕಾಲು ಹಿಂದಿಟ್ಟು ಮುಂದಿನ ಮಂಡಿ ಸ್ವಲ್ಪ ಬಗ್ಗಿಸಿ, ಹಿಂದಿನ ಕಾಲಿನ ಕಡೆಯ ಕುಂಡಿ ಬಿಗಿ ಮಾಡಿ ಇಪ್ಪತ್ತು ಸೆಕೆಂಡ್ ನಿಲ್ಲಿ, ಉಸಿರು ಕಟ್ಟಬೇಡಿ. ಎಲ್ಲರೂ ತಪ್ಪೋದು ಇಲ್ಲೇ, ಕುಂಡಿ ಬಿಗಿ ಮಾಡೋ ಬದ್ಲು ಹೊಟ್ಟೆ ಮುಂದೆ ತಳ್ಳಿ ಬೆನ್ನು ಬಗ್ಗಿಸ್ತಾರೆ, ಆಗ ಹಿಗ್ಗೋದು ತೊಡೆಸಂದು ಅಲ್ಲ, ಬೆನ್ನಿಗೇ ಇನ್ನಷ್ಟು ಭಾರ. ಸರಿಯಾಗಿ ಮಾಡಿದ್ರೆ ತೊಡೆಯ ಮೇಲ್ತುದೀಲಿ ಸಣ್ಣ ಎಳೆತ ಬರುತ್ತೆ, ಅಷ್ಟು ಸಾಕು. ಸೀರೆ ಉಟ್ಟವರೂ ಆರಾಮಾಗಿ ಮಾಡ್ಬಹುದು. ಎದ್ದೇಳೋಕೇ ಆಗದ ಮೀಟಿಂಗ್‌ನಲ್ಲಿ ಕೂತಲ್ಲೇ ಒಂದು ಕಾಲಿನ ಗಿಣ್ಣನ್ನ ಇನ್ನೊಂದು ಮಂಡಿ ಮೇಲಿಟ್ಟು ಬೆನ್ನು ನೇರ ಇಟ್ಟುಕೊಂಡು ಸ್ವಲ್ಪ ಮುಂದೆ ಬಾಗಿ, ಎಳೆತ ಕುಂಡಿಯಲ್ಲಿ ಬರ್ಬೇಕು, ಮಂಡೀಲಿ ನೋವು ಬಂದ್ರೆ ಬಿಟ್ಬಿಡಿ. ಹಿಪ್ ರಿಪ್ಲೇಸ್‌ಮೆಂಟ್ ಆಗಿರೋರು ಆಪರೇಷನ್ ಮಾಡಿದ ಡಾಕ್ಟ್ರನ್ನ ಕೇಳದೆ ಇದನ್ನ ಮಾಡ್ಲೇಬೇಡಿ.

ನಮ್ಮ ಅಜ್ಜಿಯರು ನೆಲದ ಮೇಲೆ ಚಕ್ಕಳಮಕ್ಕಳ ಕೂತು ಊಟ ಮಾಡಿ, ಕುಕ್ಕರುಗಾಲಲ್ಲಿ ಪಾತ್ರೆ ತೊಳೆದು, ದಿನಕ್ಕೆ ಇಪ್ಪತ್ತು ಸಲ ಎದ್ದು ಕೂತು ಮಾಡ್ತಿದ್ರು, ಅವರ ಹಿಪ್ ಎಲ್ಲ ದಿಕ್ಕಿಗೂ ಆಡ್ತಿತ್ತು. ಮಂಡಿ ಚೆನ್ನಾಗಿರೋರು ರಾತ್ರಿ ಊಟಕ್ಕಾದ್ರೂ ನೆಲದ ಮೇಲೆ ಕೂತ್ಕೊಳ್ಳಿ.

ಆದ್ರೆ ತೊಡೆಸಂದಿನಲ್ಲೇ ಆಳವಾಗಿ ನೋವಿದ್ದು ಕುಂಟೋ ಹಾಗಾಗ್ತಿದ್ರೆ, ಅದ್ರಲ್ಲೂ ಹಿಂದೆ ಬಹಳ ದಿನ ಸ್ಟೀರಾಯ್ಡ್ ತಗೊಂಡಿದ್ರೆ, ಸ್ಟ್ರೆಚ್ ಮಾಡ್ತಾ ದಿನ ಕಳೀಬೇಡಿ, ತೊಡೆಮೂಳೆಯ ಮೇಲ್ತುದೀಲಿರೋ ಚೆಂಡಿನಂಥ ಭಾಗಕ್ಕೆ ರಕ್ತ ಹೋಗೋದು ಕಮ್ಮಿಯಾಗಿರಬಹುದು, ಶುರುವಿನಲ್ಲಿ ಎಕ್ಸ್‌ರೇನಲ್ಲೂ ಕಾಣದೆ ಎಂಆರ್‌ಐನಲ್ಲಷ್ಟೇ ಕಾಣೋದುಂಟು. ಮೂಳೆ ಡಾಕ್ಟ್ರ ಹತ್ರ ಹೋದಾಗ ಸ್ಟೀರಾಯ್ಡ್ ತಗೊಂಡಿದ್ದನ್ನ ಅವರು ಕೇಳದಿದ್ರೂ ನೀವೇ ಬಾಯಿಬಿಟ್ಟು ಹೇಳಿ.